ವ್ಯಾಪಾರ ನಿಪುಣ ಥಾಮಸ್ ವಾಟ್ಸನ್

ಕಂಪ್ಯೂಟರ್ ಎಂದೊಡನೆ ನಮ್ಮ ಮನಸ್ಸಿಗೆ ಬರುವವರು ವಿಜ್ಞಾನಿಗಳು, ಗಣಿತಜ್ಞರು. ಆದರೆ ಆ ಉದ್ಯಮದಲ್ಲಿ ಬಹುಕಾಲ ಅಗ್ರಸ್ಥಾನದಲ್ಲಿದ್ದ ಐ.ಬಿ.ಎಂ. ಸಂಸ್ಥೆಯನ್ನು ಬೆಳೆಸಿದ ಥಾಮಸ್ ಜಾನ್ ವಾಟ್ಸನ್ ವಿಜ್ಞಾನಿಯಲ್ಲ. ಊರೂರಿಗೆ ಕುದುರೆಗಾಡಿಯಲ್ಲಿ ಸರಕು ಕೊಂಡೊಯ್ದು ಮಾರುತ್ತಿದ್ದ ರೈತನ ಮಗ.

ಅವನು 1874ರ ಫೆಬ್ರವರಿ 17ರಂದು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಕ್ಯಾಂಪ್‌ಬೆಲ್ ಎಂಬಲ್ಲಿ ಜನಿಸಿದನು. ಉಪಾಧ್ಯಾಯ ವೃತ್ತಿಗೆ ಸೇರಿ ಒಂದೇ ದಿನಕ್ಕೆ ಬಿಟ್ಟನು. ಬಳಿಕ ಅಂಗಡಿಯೊಂದರಲ್ಲಿ ವಾರಕ್ಕೆ 6 ಡಾಲರಿಗೆ ಲೆಕ್ಕ ಬರೆದನು. ಆಮೇಲೆ ಗಾಡಿಯಲ್ಲಿ ಆರ್ಗನ್, ಪಿಯಾನೊಗಳನ್ನು ಮಾರಿದನು. ತನಗೆ ಬರುತ್ತಿದ್ದ ವಾರದ 10 ಡಾಲರ್ ಸಂಬಳಕ್ಕಿಂತ ಕಮಿಷನ್ನಿನಿಂದ ಹಲವು ಪಟ್ಟು ಹೆಚ್ಚು ಗಳಿಸಬಹುದಿತ್ತೆಂದು ತಿಳಿದಾಗ ಆ ಕೆಲಸವನ್ನೂ ಬಿಟ್ಟನು.

ಬಫಲೊ ನಗರದಲ್ಲಿ ಅವನಿಗೆ ಕಷ್ಟಗಳೇ ಎದುರಾದುವು. ಹೊಲಿಗೆ ಯಂತ್ರವೊಂದು ಮಾರಾಟವಾದ ಸಂತೋಷದಲ್ಲಿ ಮದ್ಯದಂಗಡಿ ಹೊಕ್ಕು ಹೊರಬರುವಷ್ಟರಲ್ಲಿ ಕುದುರೆ, ಗಾಡಿ, ಮಾದರಿ ಯಂತ್ರಗಳೆಲ್ಲ ಕಳುವಾಗಿದ್ದುವು. ಕೆಲಸವೂ ಹೋಯಿತು. ಅನಂತರ ತೆರೆದ ಮಾಂಸದಂಗಡಿಯೂ ಮುಳುಗಿತು. ಆ ಅಂಗಡಿಗೆ ಕಂತಿನ ಮೇಲೆ ತಂದಿದ್ದ ಹಣ ಎಣಿಸುವ ಯಂತ್ರವನ್ನು ಹೊಸ ಮಾಲೀಕನ ಹೆಸರಿಗೆ ಬದಲಾಯಿಸಲು ಹೋದವನು ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯಲ್ಲೇ ಕೆಲಸ ಬೇಡಿದನು. ಅಲ್ಲಿ 1896ರಲ್ಲಿ ಸೇರಿದನು. ಮೊದಮೊದಲು ಏನನ್ನೂ ಮಾರಲಾರದೆ ಮೇಲಧಿಕಾರಿಯಿಂದ ಬೈಸಿಕೊಂಡನು. ಆ ಅಧಿಕಾರಿಯೇ ಜೊತೆಯಲ್ಲಿ ಬಂದು ಮಾರಿ ತೋರಿಸಿದ ಮೇಲೆ ಕಲಿತನು.

ಆದರೆ ಈ ಏಳಿಗೆಗೆ ಕಳಂಕವೂ ಅಂಟಿತು. 1903ರಿಂದ ಅವನು ಕಂಪನಿಯ ಹಣವನ್ನೇ ಗುಟ್ಟಾಗಿ ಪಡೆದು, ಸ್ವತಂತ್ರ ವ್ಯಾಪಾರಿಯಂತೆ ನಟಿಸಿ, ಹಳೆಯ ಯಂತ್ರಗಳನ್ನು ಮಾರುತ್ತಿದ್ದ ಪ್ರತಿಸ್ಪರ್ಧಿಗಳನ್ನು ನೆಲಕಚ್ಚಿಸಿದನು. 1913ರಲ್ಲಿ ನ್ಯಾಯಾಲಯವು ಅವನಿಗೂ ಕಂಪನಿಯ ಯಜಮಾನ ಪ್ಯಾಟರ್ಸನ್‌ಗೂ ಒಂದು ವರ್ಷದ ಸೆರೆವಾಸ ವಿಧಿಸಿತು. ಮೇಲ್ಮನವಿಯಲ್ಲಿ 1915ರಲ್ಲಿ ತೀರ್ಪು ರದ್ದಾಯಿತು. ಅಷ್ಟರೊಳಗೆ ಪ್ಯಾಟರ್ಸನ್ ಅವನನ್ನು ಕೆಲಸದಿಂದ ತೆಗೆದಿದ್ದನು.

ಹೀಗೆ 1914ರಲ್ಲಿ, ನಲವತ್ತರ ವಯಸ್ಸಿನಲ್ಲಿ, ತಲೆಯ ಮೇಲೆ ಶಿಕ್ಷೆ ತೂಗುತ್ತಿದ್ದಾಗಲೇ, ಅವನು ತಕ್ಕಡಿ, ಗಡಿಯಾರ, ಲೆಕ್ಕದ ಯಂತ್ರಗಳನ್ನು ತಯಾರಿಸುವ ಸಣ್ಣ ಕಂಪನಿಯೊಂದರ ಆಡಳಿತ ವಹಿಸಿದನು. ಹಾಲರಿತ್ ಕಂಡುಹಿಡಿದಿದ್ದ, 1890ರ ಅಮೆರಿಕದ ಜನಗಣತಿಯಲ್ಲಿ ಬಳಕೆಯಾದ ರಂಧ್ರಪತ್ರ ಯಂತ್ರವು ಅದರ ಸೊತ್ತಾಗಿತ್ತು. ಕಾಗದದ ಚೀಟಿಯಲ್ಲಿ ಕೊರೆದ ತೂತುಗಳಿಂದ ಲಕ್ಷಾಂತರ ಲೆಕ್ಕಗಳನ್ನು ವಿಂಗಡಿಸಬಲ್ಲ ಈ ಯಂತ್ರದಲ್ಲೇ ಭವಿಷ್ಯವಿದೆಯೆಂದು ವಾಟ್ಸನ್ ಕಂಡುಕೊಂಡನು. ಅದನ್ನು ಮಾರದೆ ಬಾಡಿಗೆಗೆ ಕೊಟ್ಟನು. ಚೀಟಿಗಳ ಮಾರಾಟದಿಂದಲೂ ನಿರಂತರ ಆದಾಯ ಬಂದಿತು. ಮಾರಾಟಗಾರರಿಗೆ ಶಿಕ್ಷಣ ಕೊಡಿಸಿದನು. ಆಲೋಚಿಸು ಎಂಬ ಒಂದೇ ಪದದ ಫಲಕವನ್ನು ಕಚೇರಿಗಳಲ್ಲಿ ತೂಗುಹಾಕಿಸಿದನು. 1924ರಲ್ಲಿ ಕಂಪನಿಗೆ ಐ.ಬಿ.ಎಂ. ಎಂಬ ಹೆಸರಾಯಿತು.

1929ರ ಬಳಿಕ ಆರ್ಥಿಕ ಮುಗ್ಗಟ್ಟು ಬಂದಾಗ ಅನೇಕ ಕಾರ್ಖಾನೆಗಳು ಬಾಗಿಲು ಮುಚ್ಚಿದುವು. ವಾಟ್ಸನ್ ಮಾತ್ರ ಯಂತ್ರಗಳನ್ನು ತಯಾರಿಸಿ ಉಗ್ರಾಣದಲ್ಲಿ ತುಂಬಿಸುತ್ತಲೇ ಹೋದನು. 1935ರಲ್ಲಿ ಸಾಮಾಜಿಕ ಭದ್ರತಾ ಶಾಸನ ಬಂದು, ಸುಮಾರು 2 ಕೋಟಿ 60 ಲಕ್ಷ ದುಡಿಮೆಗಾರರ ಲೆಕ್ಕವಿಡಬೇಕಾದಾಗ ಸಿದ್ಧ ಯಂತ್ರಗಳಿದ್ದುದು ಅವನಲ್ಲಿಯೇ.

ವ್ಯಾಪಾರದಿಂದಲೇ ವಿಶ್ವಶಾಂತಿ ಸಾಧ್ಯವೆಂಬುದು ಅವನ ನಂಬಿಕೆ. ಆ ನಂಬಿಕೆ ಅವನನ್ನು ಕುರುಡನನ್ನಾಗಿಯೂ ಮಾಡಿತು. ನಾಜಿ ಸರ್ಕಾರದ ಜನಗಣತಿಗೆ ಐ.ಬಿ.ಎಂ.ನ ಜರ್ಮನ್ ಶಾಖೆಯ ಯಂತ್ರಗಳು ಬಳಕೆಯಾಗುತ್ತಿದ್ದುವು. 1937ರಲ್ಲಿ ಅವನು ಹಿಟ್ಲರನ ಸರ್ಕಾರದಿಂದ ಪದಕ ಸ್ವೀಕರಿಸಿದನು. ಅದನ್ನು ಹಿಂದಿರುಗಿಸಿದ್ದು 1940ರಲ್ಲಿ. ಆಗ ಯುದ್ಧ ಆರಂಭವಾಗಿ ತಿಂಗಳುಗಳೇ ಕಳೆದಿದ್ದುವು.

1944ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಅವನ ಕಂಪನಿಯು ಬೃಹತ್ ಗಣಕಯಂತ್ರವನ್ನು ಕಟ್ಟಿಕೊಟ್ಟಿತು. ಆದರೂ ರಂಧ್ರಪತ್ರವನ್ನು ಬಿಡಲು ಮುದುಕನಿಗೆ ಮನಸ್ಸಿರಲಿಲ್ಲ. ಎಲೆಕ್ಟ್ರಾನಿಕ್ ಯಂತ್ರಗಳಿಗಾಗಿ ಒತ್ತಾಯಿಸಿದವನು ಅವನ ಮಗ. 1952ರಲ್ಲಿ 701 ಎಂಬ ಕಂಪ್ಯೂಟರ್ ಹೊರಬಂದಿತು. 1956ರ ಮೇ ತಿಂಗಳಲ್ಲಿ ಮಗನಿಗೆ ಅಧಿಕಾರ ಒಪ್ಪಿಸಿ, ಜೂನ್ 19ರಂದು ವಾಟ್ಸನ್ ತೀರಿಕೊಂಡನು.

ಮಾರಾಟವೆಂದರೆ ಬಾಯಿಮಾತಿನ ವಿದ್ಯೆಯೆಂದು ಪದವೀಧರರಾದ ನಾವು ಹಗುರವಾಗಿ ಕಾಣುವುದುಂಟು. ಕೊಳ್ಳುವವನಿಗೆ ಏನು ಬೇಕೆಂದು ಅರಿಯುವುದೇ ಆ ವಿದ್ಯೆಯ ತಿರುಳೆಂದು ವಾಟ್ಸನ್ನನ ಬಾಳು ಹೇಳುತ್ತದೆ. ಕೊಳ್ಳುವವನು ಯಾರು, ಕೊಂಡದ್ದನ್ನು ಯಾವುದಕ್ಕೆ ಬಳಸುವನು ಎಂದು ಕೇಳದೆ ಹೋದರೆ ಆ ವಿದ್ಯೆ ಎಲ್ಲಿಗೆ ಒಯ್ಯುತ್ತದೆಂಬುದನ್ನೂ ಅದೇ ಬಾಳು ತೋರಿಸುತ್ತದೆ.