ತರಕಾರಿ ಮಂಡಿಯಿಂದ ಬಂದ ಹೂವುಗಳು

ಅಕ್ಕನ ಮಗಳು ಜಪಾನಿನ ಕ್ಯೋಟೊ ನಗರದಿಂದ ಮರಳುವಾಗ ನನಗೆಂದು ಆರು ಅಂಚೆ ಕಾರ್ಡುಗಳನ್ನು ತಂದಳು. ಆರರಲ್ಲೂ ಹೂವಿನ ಚಿತ್ರಗಳು. ಯಂತ್ರದಲ್ಲಿ ಮುದ್ರಿಸಿದವಲ್ಲ, ಚೆರ್ರಿ ಮರದ ಹಲಗೆಗಳಲ್ಲಿ ಕೆತ್ತಿ, ಬಣ್ಣಕ್ಕೊಂದು ಹಲಗೆಯಂತೆ ಒಂದರ ಮೇಲೊಂದನ್ನು ಕೈಯಿಂದಲೇ ಒತ್ತಿದವು. ಬಣ್ಣ ಹಚ್ಚಿದ ಹಲಗೆಯ ಮೇಲೆ ಕಾಗದವನ್ನು ಹಾಸಿ, ಬಿದಿರಿನ ಪೊರೆ ಸುತ್ತಿದ ದುಂಡು ಬಿಲ್ಲೆಯೊಂದರಿಂದ ಅದರ ಬೆನ್ನನ್ನು ಉಜ್ಜುವುದು ಅಲ್ಲಿನ ಪದ್ಧತಿ. ಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಆ ಒತ್ತಿನ ಗುರುತು ಇಂದಿಗೂ ಕಾಣುತ್ತದೆ.

ಆರರಲ್ಲಿ ಎರಡು ಕಾರ್ಡುಗಳು ಉಳಿದವುಗಳಿಗಿಂತ ಬೇರೆ. ಅಚ್ಚ ಕಪ್ಪು ನೆಲದ ಮೇಲೆ ಬಿಳಿಯ ಹೂವು, ಹುಳು ಕೊರೆದ ಬಿಳಿಯ ಎಲೆ. ಅವನ್ನು ಕಂಡೊಡನೆ ನನಗೆ ನೆನಪಾದದ್ದು ಜಪಾನಲ್ಲ, ಮದ್ದೂರು. ಕಾಲೇಜಿನ ದಿನಗಳಲ್ಲಿ ಆ ತಾಲ್ಲೂಕಿನ ಹಳ್ಳಿಯೊಂದರ ಗುಡಿಯಂಗಳದಲ್ಲಿ ಶಾಸನದ ಪಡಿಯಚ್ಚು ತೆಗೆಯುವುದನ್ನು ನೋಡಿದ್ದೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಅಕ್ಷರದ ಕುಳಿಗೆ ಇಳಿಯುವಂತೆ ಕುಂಚದಿಂದ ಬಡಿದು, ಮೇಲಿನಿಂದ ಮಸಿಯ ಉಂಡೆಯನ್ನು ತಟ್ಟುತ್ತಾರೆ. ಕುಳಿಗಿಳಿದ ಅಕ್ಷರ ಬಿಳಿಯಾಗಿ ಉಳಿದು, ಸುತ್ತಣ ಕಲ್ಲು ಕಪ್ಪಾಗುತ್ತದೆ. ನಾಯಿಯ ಶೌರ್ಯವನ್ನು ದಾಖಲಿಸಿದ ಹತ್ತನೆಯ ಶತಮಾನದ ಆತಕೂರು ಶಾಸನ ಸಿಕ್ಕಿದ್ದು ಇದೇ ತಾಲ್ಲೂಕಿನಲ್ಲಿ ಎಂಬುದನ್ನು ಓದುಗರು ಬಲ್ಲರು. 1768ರಲ್ಲಿ ಕ್ಯೋಟೊದ ಒಬ್ಬ ಚಿತ್ರಗಾರ ಇದೇ ಉಪಾಯವನ್ನು ಮರದ ಹಲಗೆಗೆ ಅಳವಡಿಸಿಕೊಂಡು, ಹೂವು, ತರಕಾರಿ, ಕೀಟಗಳ 48 ಚಿತ್ರಗಳನ್ನು ಪುಸ್ತಕವಾಗಿ ಹೊರತಂದ. ಅವನ ಹೆಸರು ಇತೋ ಜಾಕುಚೂ.

ಜಾಕುಚೂ ಹುಟ್ಟಿದ್ದು 1716ರಲ್ಲಿ, ಕ್ಯೋಟೊದ ನಿಶಿಕಿ ಮಾರುಕಟ್ಟೆಯಲ್ಲಿ. ಮನೆತನದ್ದು ತರಕಾರಿಯ ಸಗಟು ವ್ಯಾಪಾರ. ಮಸುಯಾ ಎಂಬುದು ಮಂಡಿಯ ಹೆಸರು. ಇಪ್ಪತ್ತೆರಡರ ಸುಮಾರಿಗೆ ತಂದೆ ತೀರಿಕೊಂಡದ್ದರಿಂದ ಹಿರಿಯ ಮಗನಾದ ಇವನೇ ಗದ್ದುಗೆಯ ಮೇಲೆ ಕೂರಬೇಕಾಯಿತು. ಮನಸ್ಸು ಮಾತ್ರ ತಕ್ಕಡಿಯ ಮೇಲಿರಲಿಲ್ಲ. ದೇವಾಲಯಗಳಲ್ಲಿದ್ದ ಚೀನೀ ಚಿತ್ರಗಳನ್ನು ನಕಲು ಮಾಡಿ ಕಲಿತ. ನಕಲಿನ ನಕಲು ಸಾಕೆನಿಸಿದಾಗ ಅಂಗಳದಲ್ಲಿ ಹತ್ತಾರು ಕೋಳಿಗಳನ್ನು ಸಾಕಿ, ಅವುಗಳನ್ನು ನೋಡುತ್ತಾ ಕುಳಿತ. ಮದುವೆಯಾಗಲಿಲ್ಲ. 1755ರಲ್ಲಿ ತಮ್ಮನಿಗೆ ಮಂಡಿಯನ್ನು ಒಪ್ಪಿಸಿ ವ್ಯಾಪಾರದಿಂದ ನಿವೃತ್ತನಾದ. ಬರಿದಾದಂತೆ ಎಂಬರ್ಥದ ಜಾಕುಚೂ ಎಂಬ ಹೆಸರಿನ ಮೂಲ ಲಾವೋತ್ಸುವಿನ ಗ್ರಂಥದಲ್ಲಿದೆ.

ಮುಂದಿನ ಹತ್ತು ವರ್ಷಗಳು ಅವನ ಬಾಳಿನ ಸುಗ್ಗಿ. ಹೂವು, ಹಕ್ಕಿ, ಮೀನು, ಚಿಪ್ಪುಗಳನ್ನೊಳಗೊಂಡ 30 ರೇಷ್ಮೆ ಪಟಗಳನ್ನು ಅವನು ಬರೆದದ್ದು ಆಗ. ಬಣ್ಣವನ್ನು ರೇಷ್ಮೆಯ ಹಿಂಬದಿಗೂ ಬಳಿದು, ನೂಲಿನ ಸಂದಿಯಿಂದ ಅದು ಮೆಲ್ಲನೆ ಹೊಳೆಯುವಂತೆ ಮಾಡಿದ್ದನೆಂಬುದು 1999ರಿಂದ 2004ರವರೆಗೆ ನಡೆದ ದುರಸ್ತಿಯ ವೇಳೆ ಸ್ಪಷ್ಟವಾಯಿತು. ಮೀನಿನ ಪಟವೊಂದರಲ್ಲಿ ಯೂರೋಪಿನಿಂದ ಬಂದ ಪ್ರಷ್ಯನ್ ನೀಲಿಯೂ ಪತ್ತೆಯಾಯಿತು. ವಿದೇಶೀ ಸರಕಿಗೆ ದೇಶದ ಬಾಗಿಲು ಬಹುಪಾಲು ಮುಚ್ಚಿದ್ದ ಕಾಲವದು. ಆ ಬಣ್ಣ ತರಿಸಲು ಮಂಡಿಯ ದುಡ್ಡು ನೆರವಾಗಿರಬೇಕೆಂದು ನಾನು ಊಹಿಸುತ್ತೇನೆ. ಪಟಗಳನ್ನು ಅವನು ಮಾರಲಿಲ್ಲ. ಕಿರಿಯ ತಮ್ಮ ತೀರಿಕೊಂಡ 1765ರಲ್ಲಿ 24 ಪಟಗಳನ್ನು ಶೋಕೊಕುಜಿ ಎಂಬ ಜೆನ್ ಮಠಕ್ಕೆ ಕಾಣಿಕೆಯಾಗಿ ಕೊಟ್ಟ, ಉಳಿದವನ್ನು ಅನಂತರ ಸೇರಿಸಿದ.

ಆ ಮಠದ ಸನ್ಯಾಸಿ ದೈತೆನ್ ಅವನ ಆಪ್ತಮಿತ್ರ. ಗೆಳೆಯನು ಬದುಕಿರುವಾಗಲೇ, 1766ರಲ್ಲಿ, ಅವನ ಸ್ಮಾರಕ ಶಿಲೆಗೆ ಒಂದು ಬರಹವನ್ನು ರಚಿಸಿಕೊಟ್ಟವನೂ ಅವನೇ. ಓದು, ಮದ್ಯ, ಸ್ತ್ರೀಸಂಗ ಯಾವುದರಲ್ಲೂ ಆಸಕ್ತಿಯಿಲ್ಲದೆ ಚಿತ್ರದಲ್ಲಿ ಮಾತ್ರ ಮುಳುಗಿದ ವಿರಾಗಿಯ ರೂಪ ಆ ಬರಹದಲ್ಲಿದೆ. ಲೋಕ ಅದನ್ನೇ ನಂಬಿತು. ಎರಡು ಶತಮಾನಗಳವರೆಗೆ ಜಾಕುಚೂ ಎಂದರೆ ಕೋಳಿಗಳ ನಡುವೆ ಕುಳಿತ ವಿಚಿತ್ರ ಮನುಷ್ಯ. ನಮ್ಮ ಶಾಸನಗಳನ್ನು ಓದುವವರಿಗೆ ಗೊತ್ತಿರುವ ಸಂಗತಿಯೇ ಇದು: ಕಲ್ಲು ಸುಳ್ಳು ಹೇಳದೆ ಇರಬಹುದು, ಆದರೆ ಕೆತ್ತಿದ ದಿನಕ್ಕೆ ಅದರ ಮಾತು ನಿಲ್ಲುತ್ತದೆ.

ಮಾರುಕಟ್ಟೆಯ ಹಳೆಯ ಕಡತಗಳು ಹೊರಬಂದ ಮೇಲೆ ಬೇರೆಯೇ ಜಾಕುಚೂ ಕಾಣಿಸಿಕೊಂಡ. 1771ರ ಕೊನೆಯಲ್ಲಿ ಪ್ರತಿಸ್ಪರ್ಧಿ ಮಾರುಕಟ್ಟೆಯವರ ಚಿತಾವಣೆಯಿಂದ ನಿಶಿಕಿಯ ವ್ಯಾಪಾರವನ್ನೇ ನಿಲ್ಲಿಸುವ ಸ್ಥಿತಿ ಬಂತು. ಆಗ ಜಾಕುಚೂ ತನ್ನ ಓಣಿಯ ಹಿರಿಯ. ವಯಸ್ಸು ಐವತ್ತೈದು, ಕೈಯಲ್ಲಿ ಕೀರ್ತಿಯಿತ್ತು, ಮಂಡಿ ತಮ್ಮನದಾಗಿತ್ತು. ಅವನ ಓಣಿಗೆ ಮಾತ್ರ ವ್ಯಾಪಾರ ಉಳಿಸಿಕೊಡುವ ಒಳಒಪ್ಪಂದದ ಆಮಿಷವೂ ಬಂತು; ನೆರೆಯ ಓಣಿಗಳನ್ನು ಬಿಟ್ಟುಕೊಡಲು ಅವನು ಒಪ್ಪಲಿಲ್ಲ. ತರಕಾರಿ ಹೊತ್ತು ತರುತ್ತಿದ್ದ ಸುತ್ತಲ ಹಳ್ಳಿಗಳ ರೈತರಿಂದ ಅಹವಾಲು ಸಲ್ಲಿಸುವಂತೆ ಮಾಡಿದ. ಇಲ್ಲಿ ನ್ಯಾಯ ಸಿಗದಿದ್ದರೆ ನೇರವಾಗಿ ಎಡೊಗೆ, ಎಂದರೆ ಇಂದಿನ ಟೋಕಿಯೊಗೆ, ಹೋಗಿ ದೂರು ಕೊಡಲು ಸಿದ್ಧನಾದ. ಅಧಿಕಾರಿಗಳನ್ನು ದಾಟಿ ಮೇಲಿನವರಿಗೆ ದೂರುವುದೆಂದರೆ ಆ ಕಾಲದಲ್ಲಿ ತಲೆಯ ಮೇಲಿನ ಆಸೆಯನ್ನು ಬಿಟ್ಟಂತೆ. ಕೊನೆಗೆ 1774ರಲ್ಲಿ, ವರ್ಷಕ್ಕಿಂತಿಷ್ಟು ಬೆಳ್ಳಿ ಸಲ್ಲಿಸುವ ಷರತ್ತಿನ ಮೇಲೆ, ಮಾರುಕಟ್ಟೆ ಉಳಿಯಿತು. ಈ ಸುಮಾರು ಮೂರು ವರ್ಷಗಳಲ್ಲಿ ಅವನ ಕುಂಚಕ್ಕೆ ಹೆಚ್ಚು ಬಿಡುವು ಸಿಕ್ಕಂತೆ ಕಾಣುವುದಿಲ್ಲ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಳವಳ್ಳಿ ಸೀಮೆಯಿಂದ ಬಂದ ನನ್ನ ತಂದೆ ಸಂತೆ ಬೀದಿಯಲ್ಲಿ ಬದನೆ, ಅವರೆ ಮಾರಿ ನನ್ನನ್ನು ಓದಿಸಿದವರು. ಆ ಸಾಲನ್ನು ಎತ್ತಿಸುವ ಮಾತು ಬಂದಾಗ ನಾನು ಆಗಷ್ಟೇ ಉಪನ್ಯಾಸಕನಾಗಿ ಸೇರಿದ್ದೆ, ಸಂಜೆ ಜಲವರ್ಣದ ಹವ್ಯಾಸ ಬೇರೆ. ಇಪ್ಪತ್ತು ಮಂದಿಯ ಪರವಾಗಿ ಒಂದು ಮನವಿ ಬರೆದುಕೊಡೆಂದು ಅಪ್ಪ ಕೇಳಿದರು. ಸರ್ಕಾರಿ ನೌಕರಿಯ ನೆಪ ಹೇಳಿದೆ. ನಿಜವಾಗಿ ಹೇಳಬೇಕೆಂದರೆ, ಆ ಬೀದಿಯಿಂದ ಬಂದವನೆಂದು ತೋರಿಸಿಕೊಳ್ಳಲು ನನಗೆ ಸಂಕೋಚವಿತ್ತು. ಸಾಲು ಹೋಯಿತು. ಅಪ್ಪ ಅದರ ಬಗ್ಗೆ ಮತ್ತೆ ಮಾತೆತ್ತಲಿಲ್ಲ.

ಜಾಕುಚೂವಿನ ಮುಪ್ಪು ಸುಖದ್ದಲ್ಲ. 1788ರ ಮಹಾ ಅಗ್ನಿ ಕ್ಯೋಟೊದ ಬಹುಭಾಗವನ್ನು ಸುಟ್ಟಾಗ ಅವನ ಮನೆಯೂ ಹೋಯಿತು. ಶೋಕೊಕುಜಿಯ ಕಟ್ಟಡಗಳೂ ಬಹುಮಟ್ಟಿಗೆ ಉರಿದವು. ಮೂವತ್ತು ಪಟಗಳು ಉಳಿದುಕೊಂಡದ್ದು ನಮ್ಮ ಪುಣ್ಯ. ಎಪ್ಪತ್ತೆರಡರ ಮುದುಕ ನಗರದ ದಕ್ಷಿಣದ ಸೆಕಿಹೊಜಿ ದೇಗುಲದ ಬಳಿ ನೆಲೆಸಿ, ಚಿತ್ರಕ್ಕೆ ಒಂದು ತೊ ಅಕ್ಕಿಯಂತೆ ಮಾರಿ ದಿನ ನೂಕಿದ. ಒಂದು ತೊ ಎಂದರೆ 18 ಲೀಟರಿನ ಅಳತೆ. ನಮ್ಮ ಮಂಡ್ಯದ ಅಂಗಡಿಯ ಲೆಕ್ಕದಲ್ಲಿ ಹದಿನೈದು ಕಿಲೊ ಆಸುಪಾಸು. ಸಹಿಯನ್ನೂ ಅಕ್ಕಿಯಳತೆಯ ಮುದುಕನೆಂದೇ ಹಾಕಿದ. ದೇಗುಲದ ಹಿಂದಿನ ಗುಡ್ಡಕ್ಕೆಂದು ಬುದ್ಧ ಮತ್ತು ಅರ್ಹಂತರ ಶಿಲಾಮೂರ್ತಿಗಳ ನಕ್ಷೆ ಬರೆದುಕೊಟ್ಟ. ಒಂದು ದೇಗುಲದ ಛಾವಣಿಗೆ ನೂರ ಅರವತ್ತಕ್ಕೂ ಹೆಚ್ಚು ಚೌಕಗಳಲ್ಲಿ, ಚೌಕಕ್ಕೊಂದು ವೃತ್ತದಂತೆ, ಹೂವು ತುಂಬಿದ್ದೂ ಈ ಕೊನೆಯ ದಿನಗಳಲ್ಲಿಯೇ. 1800ರಲ್ಲಿ, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡ.

ಆಮೇಲಿನ ಕಥೆಯನ್ನು ಬೇಗ ಹೇಳಬಹುದು. ಬಡವಾಗಿದ್ದ ಶೋಕೊಕುಜಿ 1889ರಲ್ಲಿ ಮೂವತ್ತು ಪಟಗಳನ್ನು ಅರಮನೆಗೆ ಒಪ್ಪಿಸಿ, ಪ್ರತಿಯಾಗಿ ಪಡೆದ 10,000 ಯೆನ್‌ನಿಂದ ತನ್ನ ನೆಲವನ್ನು ಉಳಿಸಿಕೊಂಡಿತು. 2016ರಲ್ಲಿ, ಅವನು ಹುಟ್ಟಿ 300 ವರ್ಷ ತುಂಬಿದಾಗ, ಟೋಕಿಯೊದಲ್ಲಿ ಪಟಗಳನ್ನು ನೋಡಲು ಸುಮಾರು ಒಂದು ತಿಂಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಸಾಲುಗಟ್ಟಿದರು. 2021ರಲ್ಲಿ ಅವು ರಾಷ್ಟ್ರೀಯ ನಿಧಿಯಾದವು. ನಿಶಿಕಿ ಮಾರುಕಟ್ಟೆ ಈಗಲೂ ಇದೆ. ರಾತ್ರಿ ಅಂಗಡಿಗಳ ಕದ ಇಳಿಸಿದರೆ ಅವುಗಳ ಮೇಲೆ ಅವನ ಚಿತ್ರಗಳು ಕಾಣುತ್ತವೆಯಂತೆ.

ನನಗೆ ಅತ್ಯಂತ ಪ್ರಿಯವಾದ ಅವನ ಚಿತ್ರದಲ್ಲಿ ಮಾತ್ರ ಹೂವಿಲ್ಲ. ಬುದ್ಧನ ಮಹಾಪರಿನಿರ್ವಾಣವನ್ನು ಅವನು ತರಕಾರಿಗಳಲ್ಲಿ ಬರೆದಿದ್ದಾನೆ. ನಡುವೆ ಬುಟ್ಟಿಯ ಮೇಲೆ ಒರಗಿರುವುದು ಒಂದು ದಪ್ಪ ಮೂಲಂಗಿ. ಸುತ್ತಲೂ ಶೋಕಿಸುವ ಶಿಷ್ಯರಾಗಿ ಕುಂಬಳ, ಬದನೆ, ಅಣಬೆ, ಗೆಡ್ಡೆಗಳು. ಕೆಲವರು ಅದನ್ನು ತಮಾಷೆಯೆನ್ನುತ್ತಾರೆ, ಕೆಲವರು ಅಗಲಿದ ತಾಯಿಗೆ ಸಲ್ಲಿಸಿದ ಶ್ರದ್ಧಾಂಜಲಿ ಎನ್ನುತ್ತಾರೆ. ಆರು ಕಾರ್ಡುಗಳಲ್ಲಿ ಅದು ಇರಲಿಲ್ಲ. ಮತ್ತೆ ಕ್ಯೋಟೊಗೆ ಹೋದರೆ ಹುಡುಕಿ ತರುವಂತೆ ಹುಡುಗಿಗೆ ಹೇಳಿದ್ದೇನೆ; ಅಪ್ಪನ ಪಟದ ಪಕ್ಕದಲ್ಲಿ ಗೋಡೆಯ ಮೇಲೆ ಜಾಗವಿದೆ.