ವೃತ್ತದೊಳಗಿನ ಎಚ್

ಲಕ್ಷ್ಮೇಶ್ವರದ ಗೆಳೆಯನ ಮನೆಯ ಹಳೇ ಅಂಬಾಸಿಡರ್ ಕಾರಿಗೆ ನಾವು ನಾಲ್ಕು ಮಂದಿ ಕೈ ಹಾಕಿದ್ದೇವೆ. ವೈರಿಂಗ್ ಬಿಚ್ಚುವಾಗ ಬಾನೆಟ್ ಒಳಗೆ ಒಂದು ಕಪ್ಪು ಡಬ್ಬಿ ಸಿಕ್ಕಿತು. ಕಾರಿನ ಸರ್ಕಿಟ್ ನಕ್ಷೆಯಲ್ಲಿ ಅದು ಇಲ್ಲವೇ ಇಲ್ಲ. ಕಾಲುಗಳ ಹತ್ತಿರ 30, 85, 86, 87 ಅಂತ ಬರೆದಿತ್ತು. ಯಾರದೋ ರೋಲ್ ನಂಬರ್ ಇರಬೇಕು ಅಂತ ನಕ್ಕೆವು, ಒಂದು ವಾರ ತಲೆನೂ ಕೆಡಿಸಿಕೊಂಡೆವು.

ಬೆಟಗೇರಿಯ ಹಿರಿಯ ಮೆಕ್ಯಾನಿಕ್ ಒಬ್ಬರು ನೋಡಿದ ಕೂಡಲೇ ರಿಲೇ ಅಂದರು. ಯಾರೋ ಆಮೇಲೆ ಹ್ಯಾಲೊಜೆನ್ ದೀಪಕ್ಕಾಗಿ ಹಾಕಿಸಿದ್ದು. ಆ ಅಂಕಿಗಳು ಜರ್ಮನಿಯ ಡಿನ್ 72552 ಪದ್ಧತಿಯವು: 30 ನೇರವಾಗಿ ಬ್ಯಾಟರಿಗೆ, 87 ದೀಪಕ್ಕೆ, 85 ಮತ್ತು 86 ಒಳಗಿನ ಕಾಯಿಲ್‌ಗೆ. ಮೀಟರ್ ಹಚ್ಚಿದಾಗ 85-86ರ ನಡುವೆ 80 ಓಮ್ ಸುಮಾರು ತೋರಿಸಿತು. ಸರಿ, ಗುರುತು ಸಿಕ್ಕಿತು. ಆದರೆ ಪಕ್ಕದಲ್ಲಿ ಒಂದು ವೃತ್ತ, ಅದರೊಳಗೆ ಇಂಗ್ಲಿಷಿನ ಎಚ್ ತರಹದ ಗುರುತು. ಕಂಪನಿ ಹೆಸರು ಬಾಷ್. ಎಚ್ ಎಲ್ಲಿಂದ ಬಂತು?

ರಾಬರ್ಟ್ ಬಾಷ್ ಹುಟ್ಟಿದ್ದು 1861ರಲ್ಲಿ, ಜರ್ಮನಿಯ ಉಲ್ಮ್ ಪಟ್ಟಣದ ಹತ್ತಿರದ ಆಲ್ಬೆಕ್ ಹಳ್ಳಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವ. ಸೂಕ್ಷ್ಮ ಯಂತ್ರಗಳ ಕೆಲಸ ಕಲಿತರೂ ಕಲಿಸಿದ ಗುರುವಿನ ಬಗ್ಗೆ ಆತನಿಗೆ ಕೊನೇತನಕ ಸಮಾಧಾನ ಇರಲಿಲ್ಲ. ನಮ್ಮಂಥವರು ಗಮನಿಸಬೇಕಾದ್ದು: ಆತ ಸ್ಟುಟ್‌ಗಾರ್ಟ್‌ನ ತಾಂತ್ರಿಕ ಕಾಲೇಜಿನಲ್ಲಿ ಕೂತದ್ದು ಒಂದೇ ಸೆಮಿಸ್ಟರ್, ಅದೂ ಡಿಗ್ರಿ ಇಲ್ಲದೆ. ವೋಲ್ಟೇಜ್‌ನಂಥ ಶಬ್ದಗಳ ಭಯ ಹೋಯಿತು, ಅಷ್ಟು ಸಾಕಾಯಿತು. ಅಮೆರಿಕದಲ್ಲಿ ಎಡಿಸನ್ ಕಾರ್ಖಾನೆ, ಇಂಗ್ಲೆಂಡಿನಲ್ಲಿ ಸೀಮೆನ್ಸ್, ಹೀಗೆ ತಿರುಗಾಡಿ 1886ರ ನವೆಂಬರಿನಲ್ಲಿ ಸ್ಟುಟ್‌ಗಾರ್ಟ್‌ನ ಒಂದು ಹಿತ್ತಲ ಮನೆಯಲ್ಲಿ ವರ್ಕ್‌ಶಾಪ್ ತೆರೆದ. ಟೆಲಿಫೋನು, ಕರೆಗಂಟೆ ಹಾಕುವ ಕೆಲಸ. ಸೈಕಲ್ ಮೇಲೆ ಸೈಟಿಗೆ ಹೋಗುತ್ತಿದ್ದ.

ಮರುವರ್ಷ ಗಿರಾಕಿಯೊಬ್ಬ ಇಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೋ ಕೇಳಿದ. ಡಾಯ್ಟ್ಸ್ ಕಂಪನಿಯದು ಆಗಲೇ ಇತ್ತು. ಪೇಟೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಬಾಷ್ ಅದನ್ನು ಸುಧಾರಿಸಿ ಮಾಡಿದ. ತೊಂದರೆ ಎದುರಾದದ್ದು 1897ರಲ್ಲಿ, ಒಂದು ಮೂರು ಗಾಲಿಯ ಡಿ ಡಿಯಾನ್ ಗಾಡಿಗೆ ಇದನ್ನು ಕೂಡಿಸಬೇಕಾದಾಗ. ಆ ಇಂಜಿನ್ ಬಲು ಜೋರು ತಿರುಗುವುದು, ಮ್ಯಾಗ್ನೆಟೋದ ಭಾರದ ಆರ್ಮೇಚರ್ ಅಷ್ಟು ವೇಗ ತಡೆಯದು. ಆತನ ಕೆಲಸಗಾರ ಆರ್ನಾಲ್ಡ್ ಝೇರಿಂಗರ್ ಆರ್ಮೇಚರನ್ನು ಸುಮ್ಮನೆ ನಿಲ್ಲಿಸಿ, ಅದರ ಸುತ್ತ ಹಗುರ ಕೊಳವೆಯೊಂದನ್ನು ಆಡಿಸಿದ. 1902ರಲ್ಲಿ ಗಾಟ್‌ಲೋಬ್ ಹೋನೋಲ್ಡ್ ಆರ್ಮೇಚರ್ ಮೇಲೆ ಎರಡು ಸುತ್ತು ತಂತಿ ಸುತ್ತಿ, ಬ್ಯಾಟರಿಯೇ ಇಲ್ಲದೆ ಹೈ ವೋಲ್ಟೇಜ್ ತೆಗೆದ. ಜತೆಗೆ ಸ್ಪಾರ್ಕ್ ಪ್ಲಗ್. ಹೆಸರು ಮಾತ್ರ ಬಾಷ್‌ನದೇ ಉಳಿಯಿತು. ಇದು ನಮಗೆ ಸ್ವಲ್ಪ ಚುಚ್ಚಿತು.

ಆ ಎಚ್ ಅದೇ ಆರ್ಮೇಚರ್‌ನ ಅಡ್ಡಕೊಯ್ತ. ಸುತ್ತಲಿನ ವೃತ್ತ ಅದರ ಕವಚ. 1918ರಲ್ಲಿ ಈ ಗುರುತು ಬರೆದವನೂ ಹೋನೋಲ್ಡೇ. ಅಂದಮೇಲೆ ಅಷ್ಟಾದರೂ ಆತನ ಪಾಲಿಗೆ ಬಂತು.

ಬಾಷ್ 1906ರಲ್ಲೇ ಎಂಟು ತಾಸಿನ ದುಡಿಮೆ ತಂದ, ಕೆಂಪು ಬಾಷ್ ಅನ್ನಿಸಿಕೊಂಡ. 1913ರಲ್ಲಿ ಅವನ ಕಾರ್ಖಾನೆಯಲ್ಲೂ ಮುಷ್ಕರ ಆಯಿತು. ಮೊದಲ ಮಹಾಯುದ್ಧದ ಲಾಭದಲ್ಲಿ ಬಹಳಷ್ಟನ್ನು ದಾನ ಮಾಡಿದ. ಹಿಟ್ಲರ್ ಕಾಲದಲ್ಲಿ ಯಹೂದಿಗಳಿಗೆ ನೆರವಾದ, ವಿರೋಧಿ ಗೋರ್ಡೆಲರ್‌ನನ್ನು ಸಲಹೆಗಾರ ಅಂತ ಇಟ್ಟುಕೊಂಡ. ಅದೇ ಹೊತ್ತಿಗೆ ಕಾರ್ಖಾನೆ ಸೈನ್ಯಕ್ಕೆ ಸಾಮಾನು ಮಾಡಿತು, ಒತ್ತಾಯದ ಕೂಲಿಗಳನ್ನು ದುಡಿಸಿತು. 1942ರ ಮಾರ್ಚ್ 12ರಂದು ತೀರಿಕೊಂಡಾಗ ಅದೇ ಸರ್ಕಾರ ರಾಜಮರ್ಯಾದೆಯ ಸಂಸ್ಕಾರ ಮಾಡಿತು. ನಮ್ಮಲ್ಲಿ ಇಬ್ಬರು ಇದನ್ನು ಕ್ಷಮಿಸಲು ತಯಾರಿಲ್ಲ, ಇನ್ನಿಬ್ಬರು ಅವನ ಜಾಗದಲ್ಲಿ ನಿಂತು ನೋಡಿ ಅಂತಾರೆ. ವಾದ ಇನ್ನೂ ಮುಗಿದಿಲ್ಲ.

1951ರಲ್ಲಿ ಹುಟ್ಟಿದ ಮೈಕೋ ಬೆಂಗಳೂರಿನ ಆಡುಗೋಡಿಯಲ್ಲಿ ಪ್ಲಗ್ಗು, ಡೀಸೆಲ್ ಪಂಪು ಮಾಡಿತು. ಮುಂಡರಗಿ, ಶಿರಹಟ್ಟಿ ಕಡೆ ಟ್ರ್ಯಾಕ್ಟರ್ ಇರುವವರಿಗೆ ಬಾಷ್ ಅಂದರೆ ತಿಳಿಯದಿದ್ದರೂ ಮೈಕೋ ಪಂಪ್ ಅಂದರೆ ತಿಳಿಯುತ್ತದೆ. ನಮ್ಮ ಮೆಕ್ಯಾನಿಕ್ಕೂ ಆ ರಿಲೇಗೆ ಮೈಕೋ ಅಂತಲೇ ಅಂದಿದ್ದರು.

ಕಾರಿನ ಎಡಗಡೆ ದೀಪ ಮಾತ್ರ ಇನ್ನೂ ಹತ್ತಿಲ್ಲ. 87ರಿಂದ ಹೊರಟ ವೈರು ಎಲ್ಲೋ ಕಟ್ಟಾಗಿದೆ, ಭಾನುವಾರ ಹುಡುಕಬೇಕು.