ರಹೀಮ್ ಸಾಹೇಬರ ಪಾಠ

ಕಾಲ್ಚೆಂಡಿನ ಪಂದ್ಯ ಮುಗಿದೊಡನೆ ಗೋಲು ಹೊಡೆದವನ ಹೆಸರು ಊರೆಲ್ಲ ಹಬ್ಬುವುದು. ಅವನನ್ನು ತಿದ್ದಿದ ಗುರುವನ್ನು ವಿಚಾರಿಸುವವರು ವಿರಳ. ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಮರ ಚರಿತ್ರೆಯನ್ನು ನಾವು ಇಂದು ವಾಚಕರ ಮುಂದಿಡುವುದು ಈ ಕಾರಣದಿಂದಲೇ.

1909ರಲ್ಲಿ ಜನಿಸಿದ ರಹೀಮರು ವೃತ್ತಿಯಿಂದ ಶಾಲೆಯ ಉಪಾಧ್ಯಾಯರು. ತಾರುಣ್ಯದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ತಂಡದಲ್ಲಿ ಆಡಿದ್ದರೂ, ಅವರ ನಿಜವಾದ ಯೋಗ್ಯತೆಯು ಪ್ರಕಟವಾದುದು ಹೈದರಾಬಾದ್ ನಗರ ಪೊಲೀಸ್ ತಂಡದ ಶಿಕ್ಷಕರಾದ ಮೇಲೆ. ಆ ತಂಡವು 1950ರಿಂದ 1954ರವರೆಗೆ ಎಡೆಬಿಡದೆ ಐದು ಸಲ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಇದು ಅದೃಷ್ಟದ ಫಲವಲ್ಲ. ಚೆಂಡನ್ನು ತನ್ನ ಕಾಲಲ್ಲೇ ಇಟ್ಟುಕೊಂಡು ಓಡುವುದನ್ನು ನಿಷೇಧಿಸಿದ ಪಂದ್ಯಗಳನ್ನೂ, ದುರ್ಬಲವಾದ ಕಾಲಿನಿಂದಲೇ ಒದೆಯಬೇಕಾದ ಪಂದ್ಯಗಳನ್ನೂ ಅವರು ಏರ್ಪಡಿಸಿದರು. ಚೆಂಡು ಒಬ್ಬನ ಸ್ವತ್ತಲ್ಲ, ಹನ್ನೊಂದು ಮಂದಿಯ ಸ್ವತ್ತೆಂಬುದೇ ಅವರ ಪಾಠ.

1951ರಲ್ಲಿ ದಿಲ್ಲಿಯ ಏಷ್ಯಾ ಕ್ರೀಡಾಕೂಟದಲ್ಲಿ ಅವರು ಶಿಕ್ಷಣವಿತ್ತ ಭಾರತ ತಂಡವು ಇರಾನನ್ನು 1–0ರಿಂದ ಸೋಲಿಸಿ ಚಿನ್ನದ ಪದಕ ಪಡೆಯಿತು. ನಮ್ಮ ಬೆಂಗಳೂರಿನ ಅಹಮದ್ ಖಾನರೂ ಆ ತಂಡದಲ್ಲಿದ್ದರು. ಮರುವರ್ಷ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ, ಹಲವರು ಬರಿಗಾಲಲ್ಲೇ ಆಡಿದ ನಮ್ಮ ತಂಡವು ಯುಗೊಸ್ಲಾವಿಯದೆದುರು 10–1ರ ಘೋರ ಪರಾಜಯವನ್ನು ಕಂಡಿತು. ರಹೀಮರು ಎದೆಗುಂದಲಿಲ್ಲ. 1956ರಲ್ಲಿ ಮೆಲ್ಬರ್ನಿನಲ್ಲಿ ಅವರ ಶಿಷ್ಯರು ಆಸ್ಟ್ರೇಲಿಯವನ್ನು ಅದರ ನೆಲದಲ್ಲಿಯೇ 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೇರಿದರು.

1962ರಲ್ಲಿ ಜಕಾರ್ತಕ್ಕೆ ಹೋದಾಗ ಅರ್ಬುದ ರೋಗವು ಅವರ ಶ್ವಾಸಕೋಶವನ್ನು ಹೊಕ್ಕಿತ್ತು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯದೆದುರು ಸೋಲಾಯಿತು. ರಕ್ಷಣಾಪಂಕ್ತಿಯ ಜರ್ನೈಲ್ ಸಿಂಗರ ತಲೆಗೆ ಗಾಯವಾಗಿ ಹೊಲಿಗೆ ಬಿದ್ದಿತು. ರಹೀಮರು ಅವರನ್ನೇ ಮುಂದಿನ ಸಾಲಿಗೆ ತಂದು ನಿಲ್ಲಿಸಿದರು! ಸೆಪ್ಟೆಂಬರ್ 4ರ ಅಂತಿಮ ಪಂದ್ಯದಲ್ಲಿ, ಪ್ರೇಕ್ಷಕರೆಲ್ಲರೂ ಪ್ರತಿಕೂಲರಾಗಿದ್ದ ಕ್ರೀಡಾಂಗಣದಲ್ಲಿ, ಅದೇ ಕೊರಿಯವನ್ನು ಭಾರತವು 2–1ರಿಂದ ಗೆದ್ದಿತು. ಗೋಲು ಹೊಡೆದವರು ಪಿ. ಕೆ. ಬ್ಯಾನರ್ಜಿ ಮತ್ತು ಅದೇ ಜರ್ನೈಲ್ ಸಿಂಗರು.

ಒಂಬತ್ತು ತಿಂಗಳು ಕಳೆದೊಡನೆ, 1963ರ ಜೂನ್ 11ರಂದು, ರಹೀಮರು ಕಾಲವಶರಾದರು. ಅವರ ಬಳಿಕ ಏಷ್ಯಾ ಕ್ರೀಡಾಕೂಟದ ಕಾಲ್ಚೆಂಡಿನಲ್ಲಿ ಭಾರತಕ್ಕೆ ಚಿನ್ನ ದೊರೆತಿಲ್ಲ. ಇದಕ್ಕೆ ವಿಧಿಯನ್ನು ದೂರಿ ಫಲವಿಲ್ಲ. ಒಬ್ಬ ಉಪಾಧ್ಯಾಯನ ಹೆಗಲ ಮೇಲೆ ರಾಷ್ಟ್ರದ ಆಟವನ್ನೆಲ್ಲ ಹೊರಿಸಿ ನಾವು ನಿಶ್ಚಿಂತರಾದೆವು. ಅಂತಹ ಉಪಾಧ್ಯಾಯರನ್ನು ಊರೂರಿನಲ್ಲಿ ತಯಾರಿಸುವ ಶ್ರಮವನ್ನು ವಹಿಸಲಿಲ್ಲ. ಪದಕಗಳನ್ನು ಜೋಪಾನವಾಗಿರಿಸಿದೆವು, ಪಾಠವನ್ನು ಮರೆತೆವು. ಆ ಪಾಠವನ್ನು ಮತ್ತೆ ಕೈಗೆತ್ತಿಕೊಳ್ಳುವುದೇ ರಹೀಮರಿಗೆ ಸಲ್ಲತಕ್ಕ ಸ್ಮಾರಕವೆಂದು ನಾವು ಭಾವಿಸುತ್ತೇವೆ.